ರಿಸೆಪ್ಟರ್ ಹೆಸರು ಒಂದೇ, ನಡವಳಿಕೆ ಬೇರೆ ಬೇರೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೇಲಿ ರಿಸೆಪ್ಟರ್ ಅಂದ್ರೆ ಏನು ಅಂತ ಬರೆದಿದ್ದೆ, ನರಕೋಶದ ಮೈಮೇಲೆ ಕೂತಿರೋ ಪ್ರೋಟೀನು, ಪಕ್ಕದ ಕೋಶ ಬಿಟ್ಟ ಕೆಮಿಕಲ್ ಬಂದು ಅಂಟಿದ ಕೂಡ್ಲೇ ಸಿಗ್ನಲ್ಲನ್ನ ಒಳಗೆ ದಾಟಿಸತ್ತೆ ಅಂತ. ಆಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವ್ರು ಕೇಳಿದ್ದು ಒಂದೇ ರಿಸೆಪ್ಟರಿಗೆ ಇಷ್ಟೊಂದು ರೂಪ ಯಾಕೆ, ರೂಪ ಬದಲಾದ್ರೆ ಏನಾಗತ್ತೆ ಅಂತ. ಅದರಲ್ಲಿ ಕೆಲವನ್ನ ಆರಿಸ್ಕೊಂಡಿದೀನಿ.

ಪ್ರಶ್ನೆ: ಗ್ಲುಟಮೇಟ್ ನರಕೋಶನ ಕೆರಳಿಸತ್ತೆ, ಗಾಬಾ ತಡೆಯತ್ತೆ ಅಂತ ಪುಸ್ತಕದಲ್ಲಿ ಎರಡು ಲೈನಲ್ಲಿ ಮುಗಿಸಿದಾರೆ. ಆದ್ರೆ ಗ್ಲುಟಮೇಟ್ ಒಂದಕ್ಕೇ ಆಂಪಾ, ಎನ್‌ಎಂಡಿಎ ಅಂತ ಬೇರೆ ಬೇರೆ ರಿಸೆಪ್ಟರು, ಅದರೊಳಗೆ ಮತ್ತೆ 2ಎ, 2ಬಿ ಅಂತೆಲ್ಲ. ಕೆಮಿಕಲ್ ಒಂದೇ ಆದ್ಮೇಲೆ ಒಂದು ರಿಸೆಪ್ಟರ್ ಸಾಕಲ್ವಾ? (ಬಯಾಲಜಿ ವಿದ್ಯಾರ್ಥಿನಿ)

ಉತ್ತರ: ಸಾಲಲ್ಲಮ್ಮ. ಗ್ಲುಟಮೇಟ್ ಬಂದು ಅಂಟತ್ತೆ ಅಷ್ಟೇ, ಒಂದು ಮಿಲಿಸೆಕೆಂಡ್ ಆಸುಪಾಸಲ್ಲಿ ಸಿನಾಪ್ಸಿನ (ಎರಡು ನರಕೋಶ ಸೇರೋ ಜಾಗದ) ಸಂದಿಯಿಂದ ಖಾಲಿನೂ ಆಗಿಬಿಡತ್ತೆ. ಆಮೇಲೆ ರಿಸೆಪ್ಟರಿನ ನಡುವಿನ ತೂತಿಂದ, ಅಂದ್ರೆ ಚಾನೆಲ್ಲಿಂದ, ಕರೆಂಟ್ ಎಷ್ಟು ಹೊತ್ತು ಹರೀಬೇಕು, ಸೋಡಿಯಂ ಮಾತ್ರ ಬರ್ಬೇಕಾ ಕ್ಯಾಲ್ಸಿಯಂ ಕೂಡ ಬರ್ಬೇಕಾ, ಇದನ್ನೆಲ್ಲ ತೀರ್ಮಾನ ಮಾಡೋದು ರಿಸೆಪ್ಟರಿನ ರಚನೆ.

ಆಂಪಾ ರಿಸೆಪ್ಟರ್ ಕೆಲವೇ ಮಿಲಿಸೆಕೆಂಡಲ್ಲಿ ತೆರೆದು ಮುಚ್ಚಿಬಿಡತ್ತೆ, ವೇಗದ ಸಿಗ್ನಲ್ ಎಲ್ಲ ಅದರ ಮೇಲೇ ನಡೆಯೋದು. ಎನ್‌ಎಂಡಿಎ ನಿಧಾನ. ಅದು ನಾಲ್ಕು ಸಬ್‌ಯೂನಿಟ್, ಅಂದ್ರೆ ನಾಲ್ಕು ಪ್ರೋಟೀನ್ ಬಿಡಿಭಾಗ, ಸೇರಿ ಆಗಿರೋದು, ಸಾಮಾನ್ಯವಾಗಿ ಎರಡು ಎನ್1 ಮತ್ತೆ ಎರಡು ಎನ್2. ಎನ್1ಗೆ ಗ್ಲೈಸೀನೋ ಡಿ-ಸೆರೀನೋ ಅಂಟಬೇಕು, ಎನ್2ಗೆ ಗ್ಲುಟಮೇಟ್ ಅಂಟಬೇಕು, ಇಷ್ಟಾದ್ರೂ ಕರೆಂಟ್ ಹರಿಯಲ್ಲ ಯಾಕಂದ್ರೆ ಚಾನೆಲ್ ಬಾಯಲ್ಲಿ ಮೆಗ್ನೀಸಿಯಂ ಅಯಾನು ಬಾಟ್ಲಿಗೆ ಬಿರಡೆ ಹಾಕಿದ ಹಾಗೆ ಕೂತಿರತ್ತೆ. ಇದು 1984ರಲ್ಲಿ ಗೊತ್ತಾಯ್ತು. ಆ ಕೋಶ ಬೇರೆ ಸಿಗ್ನಲ್‌ಗಳಿಂದ ಆಗ್ಲೇ ಕೆರಳಿದ್ರೆ ಮಾತ್ರ ಮೆಗ್ನೀಸಿಯಂ ಜಾಗ ಬಿಡತ್ತೆ, ಆಗ ಕ್ಯಾಲ್ಸಿಯಂ ಒಳಗೆ ನುಗ್ಗತ್ತೆ. ಅಂದ್ರೆ ಈ ಕಡೆ ಕೋಶ ಮತ್ತೆ ಆ ಕಡೆ ಕೋಶ ಎರಡೂ ಒಂದೇ ಹೊತ್ತಲ್ಲಿ ಚುರುಕಾಗಿದ್ವು ಅನ್ನೋದನ್ನ ಈ ಒಂದು ಪ್ರೋಟೀನ್ ಪತ್ತೆ ಮಾಡತ್ತೆ, ಆ ಕ್ಯಾಲ್ಸಿಯಂ ಬಂದಿದ್ರಿಂದಲೇ ಸಿನಾಪ್ಸ್ ಗಟ್ಟಿಯಾಗೋದು, ಕಲಿಕೆಯ ಬುಡದಲ್ಲಿರೋದು ಇದೇ. ನಂಗಂತೂ ಇಡೀ ದೇಹದಲ್ಲಿ ಇದಕ್ಕಿಂತ ಚೆಂದದ ಪ್ರೋಟೀನ್ ಇನ್ನೊಂದು ಇದೆ ಅನ್ಸಲ್ಲ.

ಈಗ ನಿಮ್ಮ 2ಎ, 2ಬಿ ವಿಷ್ಯ. ಎನ್2 ಜಾಗದಲ್ಲಿ 2ಎ ಕೂತಿದ್ರೆ, ಗ್ಲುಟಮೇಟ್ ಹೋದ ಮೇಲೆ ಕರೆಂಟ್ ಸುಮಾರು 50 ಮಿಲಿಸೆಕೆಂಡಲ್ಲಿ ಇಳಿದು ಹೋಗತ್ತೆ. 2ಬಿ ಕೂತಿದ್ರೆ ಸುಮಾರು 300. 2ಡಿ ಆದ್ರೆ ಒಂದು ಸೆಕೆಂಡ್ ದಾಟಿನೂ ಹರೀತಾ ಇರತ್ತೆ. 2ಸಿ ಮತ್ತೆ 2ಡಿ ಇದ್ದಲ್ಲಿ ಮೆಗ್ನೀಸಿಯಂ ತಡೆನೂ ಸಡಿಲ. ಗ್ಲುಟಮೇಟ್ ಅದೇ, ಅಳತೆನೂ ಅದೇ, ಸಿಗ್ನಲ್ ಉದ್ದ ಮಾತ್ರ ಹತ್ತಾರು ಪಟ್ಟು ಬೇರೆ. ಹುಟ್ಟಿದ ಹೊಸದ್ರಲ್ಲಿ ಮಿದುಳಿನ ಮುಂಭಾಗದಲ್ಲಿ 2ಬಿ ಜಾಸ್ತಿ, ಬೆಳೀತಾ ಬೆಳೀತಾ 2ಎ ಬಂದು ಸೇರ್ಕೊಳತ್ತೆ. ಎಳೇ ಮಿದುಳಲ್ಲಿ ಸಂಪರ್ಕಗಳು ಇನ್ನೂ ಹುಡುಕಾಟದಲ್ಲಿರ್ತವೆ, ಆಗ ಉದ್ದದ ಕರೆಂಟ್ ಇದ್ರೆ ಸ್ವಲ್ಪ ಹಿಂದೆ ಮುಂದೆ ಬಂದ ಎರಡು ಸಿಗ್ನಲ್ ಕೂಡ ಒಟ್ಟಿಗೆ ಬಂದಂಗೆ ಲೆಕ್ಕಕ್ಕೆ ಸಿಗತ್ತೆ, ಬೆಳೆದ ಮೇಲೆ ಟೈಮಿಂಗ್ ಬಿಗಿಯಾಗಿರ್ಬೇಕು.

ಪ್ರಶ್ನೆ: ನಮ್ಮ ಮಗನಿಗೆ ನಿದ್ದೇಲಿ ಫಿಟ್ಸ್ ಬರ್ತಿತ್ತು, ಕಲಿತಿದ್ದ ಮಾತು ಕೂಡ ಕಮ್ಮಿ ಆಗ್ತಾ ಬಂತು. ಜೀನ್ ಟೆಸ್ಟ್ ಮಾಡಿಸಿದಾಗ ಗ್ರಿನ್2ಎ ವೇರಿಯಂಟ್ ಅಂತ ರಿಪೋರ್ಟ್ ಬಂತು. ಇದೇ ಜೀನಿನ ತೊಂದ್ರೆ ಇರೋ ಇನ್ನೊಂದು ಮಗುಗೆ ಮೆಮಾಂಟಿನ್ ಅನ್ನೋ ಮಾತ್ರೆ ಕೊಟ್ಟು ಗುಣ ಕಂಡಿದೆ ಅಂತ ಗೊತ್ತಾಯ್ತು. ನಾವೂ ಕೊಡಿಸಬಹುದಾ? ದಯವಿಟ್ಟು ಬಿಡಿಸಿ ಹೇಳಿ. (ಒಬ್ಬ ತಾಯಿ)

ಉತ್ತರ: ನಿಮ್ಮ ಪತ್ರಕ್ಕೆ ಉದ್ದಕ್ಕೇ ಬರೀತೀನಿ, ಇದು ಅವಸರದಲ್ಲಿ ಹೇಳೋ ವಿಷ್ಯ ಅಲ್ಲ. ಮೊದಲು ಮುಖ್ಯವಾದ್ದು: ಜೀನ್ ಹೆಸರು ಒಂದೇ ಅನ್ನೋ ಕಾರಣಕ್ಕೆ ಆ ಮಾತ್ರೆ ಶುರು ಮಾಡ್ಬೇಡಿ, ಈಗ ಕೊಡ್ತಿರೋ ಫಿಟ್ಸ್ ಮಾತ್ರೆ ನಿಲ್ಲಿಸ್ಲೂ ಬೇಡಿ.

ಗ್ರಿನ್2ಎ ಅನ್ನೋದು ಮೇಲೆ ಹೇಳಿದ 2ಎ ಸಬ್‌ಯೂನಿಟ್ ತಯಾರಿಸೋ ಜೀನು. ಅದರ ಬದಲಾವಣೆಗೂ ಮಾತು ಕುಗ್ಗೋ ಅಪಸ್ಮಾರಕ್ಕೂ ಸಂಬಂಧ ಇದೆ ಅಂತ 2013ರಲ್ಲಿ ಮೂರು ತಂಡಗಳು ಒಟ್ಟೊಟ್ಟಿಗೆ ತೋರಿಸಿದ್ವು. ಲ್ಯಾಂಡೌ-ಕ್ಲೆಫ್ನರ್ ಸಿಂಡ್ರೋಮ್ ಅಂತೀವಲ್ಲ, ಚೆನ್ನಾಗಿ ಮಾತಾಡ್ತಿದ್ದ ಮಗು ಮಾತು ಕಳ್ಕೊಳ್ಳೋದು, ಅದೂ ಈ ಗುಂಪಿಗೇ ಸೇರತ್ತೆ. ಆದ್ರೆ ಒಂದೇ ಜೀನಲ್ಲಿ ನೂರಾರು ಕಡೆ ಬದಲಾವಣೆ ಆಗ್ಬಹುದು, ಎಲ್ಲಾನೂ ಒಂದೇ ಕೆಲಸ ಮಾಡಲ್ಲ. ಕೆಲವು ಬದಲಾವಣೆಯಿಂದ ರಿಸೆಪ್ಟರ್ ಅತಿಯಾಗಿ ಕೆಲಸ ಮಾಡತ್ತೆ, ಸ್ವಲ್ಪ ಗ್ಲುಟಮೇಟ್ ಸೋಕಿದ್ರೂ ತೆರ್ಕೊಳ್ಳತ್ತೆ, ಮುಚ್ಚೋಕೆ ತಡ ಮಾಡತ್ತೆ. ಇನ್ನು ಕೆಲವು ಬದಲಾವಣೆಯಿಂದ ರಿಸೆಪ್ಟರ್ ಸೋತು ಹೋಗತ್ತೆ, ಇಲ್ಲಾ ಕೋಶದ ಮೇಲ್ಮೈಗೆ ಬರೋದೇ ಇಲ್ಲ. ಎರಡರಿಂದ್ಲೂ ಫಿಟ್ಸ್ ಬರ್ಬಹುದು ಅನ್ನೋದೇ ಇಲ್ಲಿನ ಕಷ್ಟ. ಮಗುನ ನೋಡಿ ಯಾವ ಕಡೆಯದು ಅಂತ ಹೇಳೋಕಾಗಲ್ಲ.

ನೀವು ಕೇಳಿದ ಮೆಮಾಂಟಿನ್ ಎನ್‌ಎಂಡಿಎ ಚಾನೆಲ್ಲನ್ನ ತಡೆಯೋ ಔಷಧಿ, ಮೂಲತಃ ಆಲ್ಜೈಮರ್‌ಗೆ ಕೊಡೋದು. 2014ರಲ್ಲಿ ಒಂದು ಮಗುವಿನ ವಿಷ್ಯ ಪ್ರಕಟವಾಯ್ತು, ಅವನ 2ಎ ಪ್ರೋಟೀನಿನ 812ನೇ ಜಾಗದಲ್ಲಿ ಲ್ಯೂಸೀನ್ ಇರೋ ಕಡೆ ಮೆಥಿಯೋನೀನ್ ಬಂದಿತ್ತು. ಒಂದೇ ಒಂದು ಅಮೈನೋ ಆಸಿಡ್, ಅಂದ್ರೆ ಪ್ರೋಟೀನ್ ಅನ್ನೋ ಸರದ ಒಂದೇ ಒಂದು ಮಣಿ. ಲ್ಯಾಬಲ್ಲಿ ಅಳೆದು ನೋಡಿದ್ರೆ ಆ ರಿಸೆಪ್ಟರ್ ಅತಿಯಾಗಿ ಕೆಲಸ ಮಾಡ್ತಿತ್ತು, ಮೆಮಾಂಟಿನ್ ಹಾಕಿದ್ರೆ ತಗ್ಗುತ್ತಿತ್ತು, ಹಾಗಾಗಿ ಮಗುಗೆ ಕೊಟ್ರು, ಫಿಟ್ಸ್ ಕಮ್ಮಿ ಆದ್ವು. ಮಾತ್ರೆಗಿಂತ ಮೊದಲು ಅಳತೆ ಆಗಿತ್ತು ಅನ್ನೋದನ್ನ ಗಮನಿಸಿ. ನಿಮ್ಮ ಮಗನದು ಸೋತ ರಿಸೆಪ್ಟರ್ ಆಗಿದ್ರೆ, ಮೊದಲೇ ಕಮ್ಮಿ ಇರೋ ಸಿಗ್ನಲ್ಲನ್ನ ಆ ಮಾತ್ರೆ ಇನ್ನೂ ಕಮ್ಮಿ ಮಾಡತ್ತೆ. ಅಂಥ ಕಡೆ ವಿಚಾರನೇ ಬೇರೆ. 2ಬಿ ಸೋತಿದ್ದ ಒಂದು ಮಗುಗೆ ಎಲ್-ಸೆರೀನ್ ಕೊಟ್ಟು ಸ್ವಲ್ಪ ಮಟ್ಟಿಗೆ ಪ್ರಯೋಜನ ಕಂಡದ್ದು 2019ರಲ್ಲಿ ಪ್ರಕಟವಾಯ್ತು, ಅದು ದೇಹದಲ್ಲಿ ಡಿ-ಸೆರೀನ್ ಆಗಿ ರಿಸೆಪ್ಟರಿಗೆ ನೆರವಾಗತ್ತೆ ಅನ್ನೋ ಲೆಕ್ಕ. ಒಂದೇ ಕುಟುಂಬದ ಜೀನುಗಳು, ಔಷಧಿ ಮಾತ್ರ ಪೂರ್ತಿ ಉಲ್ಟಾ ದಿಕ್ಕಿನದು.

ಅಳೆಯೋದು ಹೇಗೆ ಅಂತ ತಿಳ್ಕೊಂಡ್ರೆ ನಿಮಗೆ ಡಾಕ್ಟರ್ ಹತ್ರ ಕೇಳೋಕೆ ಸುಲಭ ಆಗತ್ತೆ, ಅದಕ್ಕೆ ಹೇಳ್ತೀನಿ. ಆಫ್ರಿಕಾದ ಕ್ಸೆನೋಪಸ್ ಅನ್ನೋ ಕಪ್ಪೆಯ ಮೊಟ್ಟೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ದೊಡ್ಡದಿರತ್ತೆ, ಅರ್ಧ ಕಪ್ಪು ಅರ್ಧ ತಿಳಿ ಬಣ್ಣ, ಬರಿಗಣ್ಣಿಗೇ ಕಾಣತ್ತೆ. ಅದರೊಳಗೆ ಸಣ್ಣ ಗಾಜಿನ ಸೂಜಿಯಿಂದ ಮಗುವಿನ ವೇರಿಯಂಟಿನ ಆರ್‌ಎನ್‌ಎ (ಪ್ರೋಟೀನ್ ಕಟ್ಟೋಕೆ ಬೇಕಾದ ಜೀನಿನ ನಕಲು) ಚುಚ್ತಾರೆ. ಕೆಲವು ದಿನದಲ್ಲಿ ಮೊಟ್ಟೆ ಆ ಮನುಷ್ಯ ರಿಸೆಪ್ಟರನ್ನ ತಯಾರಿಸಿ ತನ್ನ ಮೈಮೇಲೆ ಹೊರಗೆ ತಂದಿಡತ್ತೆ. ಎರಡು ಎಲೆಕ್ಟ್ರೋಡ್ ಚುಚ್ಚಿ, ಒಳಗಿನ ವೋಲ್ಟೇಜ್ ಅಲುಗಾಡದ ಹಾಗೆ ಹಿಡಿದು, ಗ್ಲುಟಮೇಟ್ ಮತ್ತೆ ಗ್ಲೈಸೀನ್ ಇರೋ ದ್ರಾವಣ ಹರಿಸ್ತಾರೆ. ಸ್ಕ್ರೀನ್ ಮೇಲೆ ಗೆರೆ ಕೆಳಗೆ ಇಳಿಯತ್ತೆ, ಅದೇ ಕರೆಂಟು. ದ್ರಾವಣದ ಸಾಂದ್ರತೆ ಹೆಜ್ಜೆ ಹೆಜ್ಜೆಗೆ ಏರಿಸಿ ಎಷ್ಟು ಗ್ಲುಟಮೇಟಿಗೆ ಅರ್ಧ ಕೆರಳತ್ತೆ ನೋಡ್ತಾರೆ, ಮೆಗ್ನೀಸಿಯಂ ಹಾಕಿ ತಡೆ ಸರಿ ಇದೆಯಾ ನೋಡ್ತಾರೆ. ಮುಚ್ಚೋ ವೇಗ ಸೂಕ್ಷ್ಮವಾಗಿ ಬೇಕಿದ್ರೆ ಲ್ಯಾಬಲ್ಲಿ ಬೆಳೆಸಿದ ಮನುಷ್ಯ ಕೋಶಗಳ ಮೇಲೆ ಪ್ಯಾಚ್ ಕ್ಲ್ಯಾಂಪ್ ಮಾಡ್ತಾರೆ. ಒಂದೊಂದು ಚಾನೆಲ್ ತೆರೆದು ಮುಚ್ಚೋದನ್ನೂ ಕಾಣಿಸೋ ಈ ವಿಧಾನಾನ 1976ರಲ್ಲಿ ನೇಹರ್ ಮತ್ತೆ ಸಾಕ್‌ಮನ್ ತೋರಿಸಿಕೊಟ್ರು, 1991ರಲ್ಲಿ ನೊಬೆಲ್ ಬಂತು.

ಈಗ ರಿಪೋರ್ಟ್ ಕೈಗೆ ತಗೊಂಡು ನೋಡಿ. ಜೀನ್ ಹೆಸರಿನ ಪಕ್ಕ ಒಂದು ಸಂಖ್ಯೆ, ಅದರ ಆಚೆ ಈಚೆ ಎರಡು ಅಮೈನೋ ಆಸಿಡ್ ಹೆಸರಿನ ಮೂರಕ್ಷರದ ಗುರುತು ಇರತ್ತೆ, ನಿಮ್ಮ ಮಗನ ವೇರಿಯಂಟ್ ಯಾವುದು ಅಂತ ಹೇಳೋದು ಅದೇ. ಮಿಸ್‌ಸೆನ್ಸ್ ಅಂತ ಬರೆದಿದ್ರೆ ಒಂದು ಅಮೈನೋ ಆಸಿಡ್ ಬದಲು ಇನ್ನೊಂದು ಬಂದಿದೆ. ನಾನ್‌ಸೆನ್ಸ್ ಅಥವಾ ಫ್ರೇಮ್‌ಶಿಫ್ಟ್ ಅಂತಿದ್ರೆ ಪ್ರೋಟೀನ್ ಸಾಮಾನ್ಯವಾಗಿ ಪೂರ್ತಿ ಆಗೋದೇ ಇಲ್ಲ, ಆ ಪ್ರತಿಯ (ಈ ಜೀನು ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಎರಡು ಪ್ರತಿ ಇರತ್ತೆ) ಕೆಲಸ ಹೋಗಿದೆ ಅಂತ ಲೆಕ್ಕ. ಆಶ್ಚರ್ಯ ಅಂದ್ರೆ ಗ್ರಿನ್2ಎ ವಿಷ್ಯದಲ್ಲಿ ಹಾಗೆ ಒಂದು ಪ್ರತಿ ಪೂರ್ತಿ ಹೋದವರಲ್ಲಿ ತೊಂದ್ರೆ ಎಷ್ಟೋ ಸಲ ಸೌಮ್ಯ, ಚಾನೆಲ್ ಭಾಗದಲ್ಲೇ ಮಿಸ್‌ಸೆನ್ಸ್ ಆದವರಲ್ಲಿ ಹೆಚ್ಚು ತೀವ್ರ. ಇಲ್ಲದ ಪ್ರೋಟೀನಿಗಿಂತ ತಪ್ಪಾಗಿ ವರ್ತಿಸೋ ಪ್ರೋಟೀನ್ ಹೆಚ್ಚು ಕಾಡ್ಬಹುದು. ಇನ್ನು "ಅನ್‌ಸರ್ಟನ್ ಸಿಗ್ನಿಫಿಕೆನ್ಸ್" ಅಂತ ಬರೆದಿದ್ರೆ, ಈ ಬದಲಾವಣೆಯಿಂದಲೇ ಕಾಯಿಲೆ ಅಂತ ಇನ್ನೂ ಹೇಳೋಕಾಗಲ್ಲ ಅಂತ ಅರ್ಥ. ಆಗ ಅಪ್ಪ ಅಮ್ಮ ಇಬ್ರೂ ಟೆಸ್ಟ್ ಮಾಡಿಸ್ಕೊಳ್ಳೋದು ತುಂಬಾ ಉಪಯೋಗ, ಇಬ್ರಲ್ಲೂ ಇಲ್ಲದೇ ಮಗುವಲ್ಲಿ ಹೊಸದಾಗಿ ಬಂದಿದೆ ಅಂದ್ರೆ ಅನುಮಾನ ಗಟ್ಟಿ ಆಗತ್ತೆ. ನಿಮ್ಮ ನ್ಯೂರಾಲಜಿಸ್ಟ್ ಹತ್ರ, ಜೊತೆಗೆ ಜೆನೆಟಿಕ್ ಕೌನ್ಸೆಲರ್ ಸಿಕ್ಕಿದ್ರೆ ಅವರ ಹತ್ರಾನೂ ನೇರವಾಗಿ ಕೇಳಿ: ಈ ವೇರಿಯಂಟನ್ನ ಯಾರಾದ್ರೂ ಲ್ಯಾಬಲ್ಲಿ ಅಳೆದಿದಾರಾ, ರಿಸೆಪ್ಟರ್ ಕೆಲಸ ಹೆಚ್ಚಾಗಿದ್ಯಾ ಕಮ್ಮಿ ಆಗಿದ್ಯಾ ಅಂತ. ಅದಕ್ಕೆ ಉತ್ತರ ಸಿಕ್ಕಿದ ಮೇಲೆ ಮೆಮಾಂಟಿನ್ ಮಾತು. ಸ್ಪೀಚ್ ಥೆರಪಿಗೆ ಮಾತ್ರ ಯಾವ ಉತ್ತರಕ್ಕೂ ಕಾಯ್ಬೇಡಿ, ಇವತ್ತೇ ಶುರು ಮಾಡಿ.

ಪ್ರಶ್ನೆ: ಡಿಎನ್‌ಎಯಲ್ಲಿ ಏನೂ ತಪ್ಪಿಲ್ಲದೆ ರಿಸೆಪ್ಟರ್ ಬೇರೆ ರೂಪ ತಾಳೋಕೆ ಸಾಧ್ಯನಾ? (ಹೈಸ್ಕೂಲ್ ಸೈನ್ಸ್ ಟೀಚರ್)

ಉತ್ತರ: ಸಾಧ್ಯ, ಮಿದುಳಲ್ಲಿ ಅದು ಯಾವಾಗ್ಲೂ ನಡೀತಾನೇ ಇರತ್ತೆ. ಎರಡು ದಾರಿ. ಒಂದು ಸ್ಪ್ಲೈಸಿಂಗ್, ಆರ್‌ಎನ್‌ಎ ತುಂಡುಗಳನ್ನ ಬೇರೆ ಥರ ಜೋಡಿಸೋದು. ಡೋಪಮಿನ್ ಅನ್ನೋ ಇನ್ನೊಂದು ಕೆಮಿಕಲ್ಲಿನ ಡಿ2 ರಿಸೆಪ್ಟರ್ ಹೀಗೇ ಉದ್ದದ್ದು ಗಿಡ್ಡದ್ದು ಅಂತ ಎರಡಾಗತ್ತೆ, ವ್ಯತ್ಯಾಸ 29 ಅಮೈನೋ ಆಸಿಡ್. ಗಿಡ್ಡದ್ದು ಹೆಚ್ಚಾಗಿ ಡೋಪಮಿನ್ ಬಿಡೋ ಕೋಶದ ಮೇಲೇ ಇದ್ದು "ಸಾಕು, ಬಿಡೋದು ಕಮ್ಮಿ ಮಾಡು" ಅಂತ ಹಿಡಿತ ಹಾಕತ್ತೆ, ಉದ್ದದ್ದು ಹೆಚ್ಚಾಗಿ ಸಿಗ್ನಲ್ ತಗೊಳ್ಳೋ ಕೋಶದಲ್ಲಿರತ್ತೆ.

ಇನ್ನೊಂದು ದಾರಿ ಆರ್‌ಎನ್‌ಎ ಎಡಿಟಿಂಗ್, ಕ್ಲಾಸಲ್ಲಿ ಹೇಳಿದ್ರೆ ಮಕ್ಕಳು ಮರೆಯಲ್ಲ. ಆಂಪಾ ರಿಸೆಪ್ಟರಿನಲ್ಲಿ ಎ2 ಅನ್ನೋ ಸಬ್‌ಯೂನಿಟ್ ಇದೆ. ಅದರ ಚಾನೆಲ್ಲಿನ ಇಕ್ಕಟ್ಟಾದ ಜಾಗದಲ್ಲಿ ಗ್ಲುಟಮೀನ್ ಇರ್ಬೇಕು ಅಂತ ಡಿಎನ್‌ಎ ಹೇಳತ್ತೆ. ಆದ್ರೆ ಮಿದುಳಿನ ಪ್ರೋಟೀನ್ ನೋಡಿದ್ರೆ ಹೆಚ್ಚೂ ಕಮ್ಮಿ ಎಲ್ಲದ್ರಲ್ಲೂ ಅಲ್ಲಿ ಆರ್ಜಿನೀನ್! ಜರ್ಮನಿಯ ಪೀಟರ್ ಸೀಬುರ್ಗ್ ತಂಡ 1991ರಲ್ಲಿ ಇದನ್ನ ಪತ್ತೆ ಮಾಡಿತು. ಎಡಾರ್2 ಅನ್ನೋ ಎಂಜೈಮ್ ಆರ್‌ಎನ್‌ಎ ಮೇಲಿನ ಒಂದು ಅಡೆನೊಸಿನ್ನನ್ನ ಇನೊಸಿನ್ ಮಾಡಿಬಿಡತ್ತೆ, ಪ್ರೋಟೀನ್ ಕಟ್ಟೋ ಯಂತ್ರ ಅದನ್ನ ಗ್ವಾನೊಸಿನ್ ಅಂತ ಓದ್ಕೊಳತ್ತೆ. ಆರ್ಜಿನೀನ್‌ಗೆ ಪಾಸಿಟಿವ್ ಚಾರ್ಜ್ ಇರೋದ್ರಿಂದ ಕ್ಯಾಲ್ಸಿಯಂಗೆ ಒಳಗೆ ಬರೋಕೆ ಬಿಡಲ್ಲ. ಈ ಒಂದು ತಿದ್ದುಪಡಿ ಆಗ್ದೇ ಹೋದ್ರೆ? ಎಡಾರ್2 ಇಲ್ಲದ ಇಲಿಮರಿಗಳಿಗೆ ಫಿಟ್ಸ್ ಬಂದು ಕೆಲವೇ ವಾರದಲ್ಲಿ ಸಾಯ್ತವೆ. ಆದ್ರೆ ಡಿಎನ್‌ಎಯಲ್ಲೇ ಆ ಜಾಗಕ್ಕೆ ಆರ್ಜಿನೀನ್ ಬರೆದುಕೊಟ್ರೆ ಎಡಾರ್2 ಇಲ್ಲದೇನೂ ಬದುಕ್ತವೆ. 2000ದಲ್ಲಿ ಬಂದ ಈ ಪ್ರಯೋಗ ನಂಗೆ ಬಲು ಇಷ್ಟ, ಎಂಜೈಮ್ ತಿದ್ದೋ ಜಾಗಗಳು ಎಷ್ಟೋ ಇದ್ರೂ ಜೀವ ನಿಂತಿದ್ದು ಆ ಒಂದು ಅಕ್ಷರದ ಮೇಲೆ ಅಂತ ಇದಕ್ಕಿಂತ ಸ್ಪಷ್ಟವಾಗಿ ತೋರ್ಸೋಕಾಗಲ್ಲ. ಸ್ನಾಯುಗಳನ್ನ ನಡೆಸೋ ಮೋಟಾರ್ ನರಕೋಶಗಳು ಸಾಯೋ ಎಎಲ್‌ಎಸ್ ಕಾಯಿಲೆಯಿಂದ ತೀರಿಕೊಂಡ ಕೆಲವರ ಆ ಕೋಶಗಳಲ್ಲಿ ಈ ಎಡಿಟಿಂಗ್ ಕಮ್ಮಿ ಆಗಿದ್ದು 2004ರಲ್ಲಿ ಕಂಡುಬಂತು.

ಪ್ರಶ್ನೆ: ಆತಂಕಕ್ಕೆ ಅಂತ ಡಾಕ್ಟರ್ ಡಯಾಜೆಪಾಮ್ ಕೊಟ್ಟಿದಾರೆ, ಮನಸ್ಸು ಹಗುರ ಆಗತ್ತೆ ನಿಜ, ಆದ್ರೆ ದಿನಾ ಪೂರ್ತಿ ತೂಕಡಿಕೆ. ಆತಂಕ ಮಾತ್ರ ಇಳಿಸಿ ನಿದ್ದೆ ಬರಿಸದ ಹಾಗೆ ಮಾಡೋಕಾಗಲ್ವಾ?

ಉತ್ತರ: ನೀವು ಕೇಳಿದ್ದು ಔಷಧಿ ವಿಜ್ಞಾನಿಗಳು ಬಹಳ ವರ್ಷದಿಂದ ಬೆನ್ನು ಹತ್ತಿರೋ ಪ್ರಶ್ನೆ. ಗಾಬಾ-ಎ ರಿಸೆಪ್ಟರ್ ಐದು ಸಬ್‌ಯೂನಿಟ್ ಸೇರಿ ಆಗತ್ತೆ, ಮನುಷ್ಯರಲ್ಲಿ ಅದಕ್ಕೆ 19 ಬಗೆಯ ಸಬ್‌ಯೂನಿಟ್ ಇವೆ. ಡಯಾಜೆಪಾಮ್ ಅಂಟೋದು ಆಲ್ಫಾ ಮತ್ತೆ ಗಾಮಾ ಸಬ್‌ಯೂನಿಟ್ ನಡುವೆ. ಆಲ್ಫಾ 1, 2, 3, 5ರಲ್ಲಿ ಆ ಜಾಗದಲ್ಲಿ ಹಿಸ್ಟಿಡೀನ್ ಇದೆ, ಅದಕ್ಕೇ ಮಾತ್ರೆ ಹಿಡಿಯತ್ತೆ. 4 ಮತ್ತೆ 6ರಲ್ಲಿ ಆರ್ಜಿನೀನ್ ಇದೆ, ಹಿಡಿಯಲ್ಲ. 1999ರಲ್ಲಿ ಆಲ್ಫಾ1ರ 101ನೇ ಜಾಗದ ಹಿಸ್ಟಿಡೀನನ್ನ ಆರ್ಜಿನೀನ್ ಮಾಡಿದ ಇಲಿಗಳಿಗೆ ಡಯಾಜೆಪಾಮ್ ಕೊಟ್ಟು ನೋಡಿದ್ರು, ಮಂಪರು ಹೋಗಿತ್ತು, ಭಯ ಇಳಿಯೋ ಗುಣ ಹಾಗೇ ಇತ್ತು. ಮರುವರ್ಷ ಭಯ ಇಳಿಸೋದು ಮುಖ್ಯವಾಗಿ ಆಲ್ಫಾ2 ಅಂತ ಗೊತ್ತಾಯ್ತು. ಅಂದ್ರೆ ನಿಮ್ಮ ಮನಸ್ಸು ಹಗುರ ಆಗೋದೂ ತೂಕಡಿಕೆ ಬರೋದೂ ಒಂದೇ ರಿಸೆಪ್ಟರಿನ ಎರಡು ರೂಪಗಳಿಂದ. ನಿದ್ದೆಗೆ ಕೊಡೋ ಜೋಲ್ಪಿಡೆಮ್ ಹೆಚ್ಚಾಗಿ ಆಲ್ಫಾ1ನೇ ಹಿಡಿಯತ್ತೆ. ಆಲ್ಫಾ1 ಬಿಟ್ಟು 2 ಮತ್ತೆ 3 ಮಾತ್ರ ಹಿಡಿಯೋ ಮಾತ್ರೆಗಳ ಪ್ರಯತ್ನ ನಡೆದೇ ಇದೆ, ಇಲಿಯಲ್ಲಿ ಕಂಡಷ್ಟು ಸಲೀಸಾಗಿ ಮನುಷ್ಯರಲ್ಲಿ ಕೈಗೂಡಿಲ್ಲ. ಸದ್ಯಕ್ಕೆ ಡೋಸ್ ಮತ್ತೆ ತಗೊಳ್ಳೋ ಹೊತ್ತಿನ ಬಗ್ಗೆ ಡಾಕ್ಟರ್ ಹತ್ರ ಮಾತಾಡಿ, ನೀವಾಗೇ ಒಮ್ಮೆಲೇ ನಿಲ್ಲಿಸೋದು ಅಪಾಯ, ಫಿಟ್ಸ್ ಕೂಡ ಬರ್ಬಹುದು. ತೂಕಡಿಕೆ ಇರೋವಾಗ ಗಾಡಿ ಓಡಿಸ್ಬೇಡಿ, ಮದ್ಯದ ಜೊತೆ ಅಂತೂ ಬೇಡವೇ ಬೇಡ.

ಪ್ರಶ್ನೆ: ಒಂದು ಆನ್‌ಲೈನ್ ಜೀನ್ ಟೆಸ್ಟಲ್ಲಿ ನಂಗೆ ಡೋಪಮಿನ್ ಡಿ4 ರಿಸೆಪ್ಟರಿನ "7 ರಿಪೀಟ್" ಇದೆ, ಅದಕ್ಕೇ ಒಂದು ಕಡೆ ಮನಸ್ಸು ನಿಲ್ಲಲ್ಲ ಅಂತ ಬಂದಿದೆ. ನಿಜನಾ?

ಉತ್ತರ: ಅದನ್ನ ತಲೆಗೆ ಹಚ್ಕೋಬೇಡಿ. ಆ ಜೀನಲ್ಲಿ 48 ಅಕ್ಷರದ ಒಂದು ತುಂಡು ಮತ್ತೆ ಮತ್ತೆ ಬರತ್ತೆ, ಜನರಲ್ಲಿ 2ರಿಂದ 11 ಸಲದವರೆಗೆ, 4 ಎಲ್ಲಕ್ಕಿಂತ ಸಾಮಾನ್ಯ. 7 ಇದ್ದವರಿಗೆ ಹೊಸದರ ಹಂಬಲ ಜಾಸ್ತಿ ಅಂತ 1996ರಲ್ಲಿ ಸುದ್ದಿ ಆಯ್ತು, ಆಮೇಲೆ ದೊಡ್ಡ ಲೆಕ್ಕದಲ್ಲಿ ನೋಡಿದಾಗ ಅದು ನಿಲ್ಲಲಿಲ್ಲ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದ್ರೆ) ಜೊತೆ ಸಣ್ಣ ನಂಟು ಕಂಡಿದೆ, ಒಬ್ಬ ವ್ಯಕ್ತಿ ಹೀಗೇ ಅಂತ ಹೇಳೋಕೆ ಅದು ಏನೇನೂ ಸಾಲಲ್ಲ. ಗಮನ ನಿಲ್ಲದೆ ಕೆಲಸಕ್ಕೆ, ಓದಿಗೆ ತೊಂದ್ರೆ ಆಗ್ತಿದ್ರೆ ಎದುರು ಕೂತು ಮಾತಾಡೋ ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ: ನಾನೂ ನನ್ನ ತಮ್ಮನೂ ಒಟ್ಟಿಗೇ ಸಿಗರೇಟ್ ಶುರು ಮಾಡಿದ್ವಿ. ಅವನು ಎರಡು ಮೂರಕ್ಕೆ ನಿಲ್ತಾನೆ, ನಂಗೆ ಪ್ಯಾಕ್ ಮುಗೀಬೇಕು. ಇದರಲ್ಲೂ ರಿಸೆಪ್ಟರ್ ಇದೆಯಾ?

ಉತ್ತರ: ಸ್ವಲ್ಪ ಮಟ್ಟಿಗೆ ಇರ್ಬಹುದು. ನಿಕೋಟಿನ್ ರಿಸೆಪ್ಟರಿನ ಆಲ್ಫಾ5 ಸಬ್‌ಯೂನಿಟಲ್ಲಿ 398ನೇ ಜಾಗದಲ್ಲಿ ಆಸ್ಪಾರ್ಟೇಟ್ ಬದಲು ಆಸ್ಪರಜೀನ್ ಇರೋರು ಜಾಸ್ತಿ ಸೇದ್ತಾರೆ ಅನ್ನೋದು ಗಟ್ಟಿಯಾಗಿ ಸಾಬೀತಾಗಿದೆ, ಒಂದು ಪ್ರತಿಗೆ ಸರಾಸರಿ ದಿನಕ್ಕೆ ಒಂದು ಸಿಗರೇಟಿನಷ್ಟು. ಕಾರಣದ ಸುಳಿವು ಇಲಿಗಳಲ್ಲಿ ಸಿಕ್ಕಿದೆ: ನಿಕೋಟಿನ್ ಅತಿಯಾದಾಗ "ಇನ್ನು ಸಾಕು" ಅಂತ ಹೇಸಿಗೆ ಹುಟ್ಟಿಸೋ ಒಂದು ದಾರಿ ಮಿದುಳಿನ ಹಬೆನ್ಯುಲಾ ಅನ್ನೋ ಭಾಗದಲ್ಲಿದೆ, ಆಲ್ಫಾ5 ಇಲ್ಲದೇ ಹೋದ್ರೆ ಆ ಸಿಗ್ನಲ್ ಮಂಕಾಗತ್ತೆ. ಆದ್ರೆ ದಿನಕ್ಕೆ ಒಂದು ಸಿಗರೇಟಿನ ಲೆಕ್ಕದಿಂದ ನಿಮ್ಮಿಬ್ಬರ ಅಷ್ಟು ದೊಡ್ಡ ಅಂತರ ತುಂಬಲ್ಲ, ಬಿಡೋಕೆ ಅದು ಅಡ್ಡಿನೂ ಅಲ್ಲ. ವರೆನಿಕ್ಲಿನ್ ಅನ್ನೋ ಮಾತ್ರೆ ನಿಕೋಟಿನ್ ರಿಸೆಪ್ಟರಿನ ಮೇಲೇ ಕೂತು ಚಟ ತಗ್ಗಿಸತ್ತೆ, ಡಾಕ್ಟರ್ ಹತ್ರ ಅದರ ಬಗ್ಗೆ ಕೇಳಿ.

ಪ್ರಶ್ನೆ: ನಮ್ಮ ಮೊಮ್ಮಗಳು ಹುಟ್ಟಿದಾಗಿಂದ ಸಣ್ಣ ಸದ್ದಾದ್ರೂ ಬೆಚ್ಚಿಬಿದ್ದು ಮರದ ಥರ ಸೆಟೆದುಕೊಳ್ತಾಳೆ. ಮೂಗಿನ ತುದಿ ಮುಟ್ಟಿದ್ರೂ ಹಾಗೇ. ಡಾಕ್ಟರ್ ಇದು ಫಿಟ್ಸ್ ಅಲ್ಲ, ಹೈಪರೆಕ್ಪ್ಲೆಕ್ಸಿಯಾ ಅಂದ್ರು. ಮೊದಲ ಸಲ ಕೇಳಿದ ಹೆಸರು, ಮನೆಯವರೆಲ್ಲ ಹೆದರಿದೀವಿ. (ಒಬ್ಬ ಅಜ್ಜಿ)

ಉತ್ತರ: ಅಮ್ಮಾ, ಹೆಸರು ದೊಡ್ಡದಾದ್ರೂ ಇದರ ಬಗ್ಗೆ ಚೆನ್ನಾಗಿ ಗೊತ್ತಿದೆ, ಔಷಧಿನೂ ಇದೆ. ಬೆನ್ನುಹುರಿ ಮತ್ತೆ ಮಿದುಳುಕಾಂಡದಲ್ಲಿ ಗ್ಲೈಸೀನ್ ಅನ್ನೋ ಕೆಮಿಕಲ್ ಸ್ನಾಯುಗಳಿಗೆ ಹೋಗೋ ನರಗಳಿಗೆ ಬ್ರೇಕ್ ಹಾಕತ್ತೆ. ನಮ್ಮೆಲ್ಲರಿಗೂ ಸದ್ದಾದ್ರೆ ಬೆಚ್ಚೋದು ಇದ್ದೇ ಇದೆ, ಆದ್ರೆ ಆ ಬ್ರೇಕ್ ಕ್ಷಣದಲ್ಲೇ ಸಮ ಮಾಡಿಬಿಡತ್ತೆ. ಗ್ಲೈಸೀನ್ ರಿಸೆಪ್ಟರಿನ ಆಲ್ಫಾ1 ಸಬ್‌ಯೂನಿಟಲ್ಲಿ 271ನೇ ಜಾಗದ ಆರ್ಜಿನೀನ್ ಬದಲಾದ್ರೆ ಗ್ಲೈಸೀನ್ ಬಂದ್ರೂ ಚಾನೆಲ್ ಸರಿಯಾಗಿ ಸ್ಪಂದಿಸಲ್ಲ, ಹರಿಯೋ ಕರೆಂಟೂ ಕಮ್ಮಿ. 1993ರಲ್ಲಿ ಪತ್ತೆಯಾದ ಈ ಬದಲಾವಣೆ ಈ ಕಾಯಿಲೆಗೆ ಸಿಕ್ಕ ಮೊದಲ ಕಾರಣ, ಆಮೇಲೆ ಬೇರೆ ಜೀನುಗಳೂ ಸಿಕ್ಕಿದಾವೆ.

ಇದಕ್ಕೆ ಸಾಮಾನ್ಯವಾಗಿ ಕೊಡೋದು ಕ್ಲೋನಜೆಪಾಮ್. ಅದು ಕೆಟ್ಟ ಗ್ಲೈಸೀನ್ ರಿಸೆಪ್ಟರನ್ನ ರಿಪೇರಿ ಮಾಡಲ್ಲ, ಪಕ್ಕದಲ್ಲೇ ಇರೋ ಗಾಬಾ ರಿಸೆಪ್ಟರನ್ನ ಬಲ ಮಾಡಿ ಆ ಕೊರತೆ ತುಂಬತ್ತೆ. ಹೆಚ್ಚಿನ ಮಕ್ಕಳಲ್ಲಿ ಸೆಟೆತ ಮೊದಲ ವರ್ಷದಲ್ಲೇ ಕಮ್ಮಿ ಆಗ್ತಾ ಬರತ್ತೆ, ಬೆಚ್ಚೋದು ಮಾತ್ರ ದೊಡ್ಡವರಾದ ಮೇಲೂ ಇರ್ಬಹುದು. ಎಚ್ಚರ ಬೇಕಿರೋದು ಒಂದಕ್ಕೆ, ಜೋರಾಗಿ ಸೆಟೆದಾಗ ಉಸಿರು ನಿಲ್ಲಬಹುದು. ಆಗ ಮಗುವಿನ ತಲೆಯನ್ನೂ ಎರಡು ಕಾಲನ್ನೂ ಹೊಟ್ಟೆ ಕಡೆಗೆ ಮೆಲ್ಲಗೆ ಆದ್ರೆ ಗಟ್ಟಿಯಾಗಿ ಬಾಗಿಸಿದ್ರೆ ಸೆಟೆತ ಬಿಡತ್ತೆ. ಓದಿ ಮಾಡೋದಲ್ಲ ಇದು, ಡಾಕ್ಟರ್ ಹತ್ರ ಕೇಳಿ ಅವರ ಕೈಯಲ್ಲೇ ಒಂದು ಸಲ ಮಾಡಿ ತೋರಿಸ್ಕೊಳ್ಳಿ, ಮನೇಲಿ ಮಗುನ ಎತ್ತಿಕೊಳ್ಳೋರು ಯಾರ್ಯಾರಿದಾರೋ ಎಲ್ಲರೂ ಕಲೀಲಿ. ಬಾಗಿಸಿದ ಮೇಲೂ ಉಸಿರು ಬರ್ಲಿಲ್ಲ ಅಂದ್ರೆ ಕೂಡ್ಲೇ ಆಂಬುಲೆನ್ಸ್ ಕರೀರಿ. ಹಾಗೇ ಮಗಳಿಗೋ ಅಳಿಯನಿಗೋ ಚಿಕ್ಕಂದಿನಲ್ಲಿ ಹೀಗೆ ಬೆಚ್ಚೋದು, ನಡೀತಿದ್ದಾಗ ಸದ್ದಿಗೆ ಕೈ ಊರದೇ ಹಾಗೇ ಬೀಳೋದು ಇತ್ತಾ ಅಂತ ನೆನಪು ಮಾಡ್ಕೊಂಡು ಡಾಕ್ಟರಿಗೆ ಹೇಳಿ, ಇದು ಕುಟುಂಬದಲ್ಲಿ ಬರೋದು ಉಂಟು, ಯಾವ ಜೀನ್ ಮೊದಲು ನೋಡ್ಬೇಕು ಅಂತ ನಿರ್ಧರಿಸೋಕೆ ಅವರಿಗೆ ಅದರಿಂದ ಸಹಾಯ ಆಗತ್ತೆ.